ಖಾಲಿ ಕೊಳವೆಯ ಅಳತೆ

ಈ ಕೆಲಸಕ್ಕೆ ಏನು ಖರ್ಚಾಯಿತು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನನ್ನ ತಂಗಿಯ ಓದು ಖರ್ಚಾಯಿತು. ಪಂಪು, ಗಾಜು, ತಂತಿ, ಡೀಸೆಲ್ಲು ಇವೆಲ್ಲ ನಾನು ಗಳಿಸಿ ಕಳೆಯುವ ಬಾಬತ್ತು, ಅವುಗಳ ಮಾತು ಇಲ್ಲಿ ಬೇಡ. ಡಾಕ್ಟರೇಟ್ ಮುಗಿಸಿ ಕಾಲೇಜಿನಲ್ಲಿ ಕಾಯಂ ಆಗಬೇಕಿದ್ದ ಹೆಣ್ಣುಮಗಳು ಒಂದು ಮಧ್ಯಾಹ್ನ ಪಂಪು ಆರಿಸಿ, ಕೈ ತೊಳೆದುಕೊಂಡು, ಎಲ್ಲವನ್ನೂ ಅಲ್ಲಿಗೇ ಬಿಟ್ಟಳು. ಯಾಕೆಂದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಯೊಳಗೆ ನಾವು ತುಂಬಿದ ವಸ್ತುವಿನಿಂದಲೇ ಅದರ ವಿದ್ಯುತ್ ಗುಣ ಬದಲಾಯಿತೋ, ಇಲ್ಲ ಹಾಗೆಂದು ನಮಗೆ ಅನ್ನಿಸಿತೋ ಎಂಬುದು ಅವಳಿಗೆ ತಿಳಿಯಲೇಬೇಕಿತ್ತು.

ನನ್ನದು ಕೊಟ್ಟೂರಿನಲ್ಲಿ ಪ್ರಯೋಗಶಾಲೆ ಸಾಮಾನಿನ ಅಂಗಡಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಹೈಸ್ಕೂಲು, ಕಾಲೇಜುಗಳಿಗೆ ಲೋಲಕ, ಮಸೂರ, ಪ್ರನಾಳ, ಗ್ಯಾಲ್ವನೋಮೀಟರ್ ಸರಬರಾಜು ಮಾಡುತ್ತೇನೆ. ತಂಗಿ ಹಡಗಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಎರಡು ಸಾವಿರದ ಇಸವಿ ಆಚೆಈಚೆ ಅವಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಹೆಸರು ಹಚ್ಚಿದ್ದಳು. ಡಾಕ್ಟರೇಟ್ ಬಂದರೆ ನೌಕರಿ ಕಾಯಂ ಎಂದು ಕಾಲೇಜಿನವರು ಬಾಯಿಮಾತಿನಲ್ಲಿ ಒಪ್ಪಿದ್ದರು. ಗಡುವು ಮುಗಿಯುತ್ತ ಬಂದಿತ್ತು. ವಿಶ್ವವಿದ್ಯಾಲಯದ ನಿರ್ವಾತ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಆಗ ಅವಳು ನನ್ನ ಅಂಗಡಿಗೆ ಬಂದು ಗಿರಾಕಿಯ ಹಾಗೆ ಸ್ಟೂಲಿನ ಮೇಲೆ ಕೂತು, ತನಗೆ ಏನೇನು ಬೇಕು ಎಂದು ಹೇಳತೊಡಗಿದಳು.

ಏನು ಮಾಡಬೇಕೆಂದಿದ್ದೀಯ ಎಂದು ಕೇಳಿದೆ. ಇಂಗಾಲದ ಒಂದು ಹಾಳೆಯನ್ನು ಸುರುಳಿ ಸುತ್ತಿದಂತೆ ಇರುವ ಕೊಳವೆಗಳು, ಕೂದಲಿಗಿಂತ ಹತ್ತಾರು ಸಾವಿರ ಪಟ್ಟು ತೆಳು. ಹೇಗೆ ಸುತ್ತಿಕೊಂಡಿವೆ ಎಂಬುದರ ಮೇಲೆ ಕೆಲವು ಲೋಹದಂತೆ ವಿದ್ಯುತ್ ಹರಿಸುತ್ತವೆ, ಕೆಲವು ಅರೆವಾಹಕಗಳು. ಅದರೊಳಗೆ ಅರವತ್ತು ಇಂಗಾಲದ ಪರಮಾಣುಗಳ ಚೆಂಡಿನಂಥ ಅಣುಗಳನ್ನು ಸಾಲಾಗಿ ಕೂರಿಸಿದರೆ ಕೊಳವೆ ಬೇರೆ ಥರ ವರ್ತಿಸೀತೇ ಎಂಬುದು ಅವಳ ಪ್ರಶ್ನೆ.

"ಹೊರಗಿನವರು ಅದಕ್ಕ ಬಟಾಣಿ ಕಾಯಿ ಅಂತಾರ. ನೀನು ಅಲಸಂದಿ ಕಾಯಿ ಅನ್ನು. ಒಳಗಿನ ಕಾಳು ಸಿಪ್ಪಿಗೆ ಏನರ ಕೊಡತೈತೋ, ಸಿಪ್ಪಿಯಿಂದ ಏನರ ಕಸಗೊಳ್ಳತೈತೋ, ಅದು ನನಗ ಗೊತ್ತಾಗಬೇಕು" ಎಂದಳು.

ಕೊಡುವುದು ಕಸಿದುಕೊಳ್ಳುವುದು ಎಂದರೆ ಎಲೆಕ್ಟ್ರಾನು. ಅಷ್ಟು ತಿಳಿದ ಮೇಲೆ ನಾನು ಸಾಮಾನಿನ ಬೆನ್ನು ಹತ್ತಿದೆ.

ಮುಚ್ಚಿಹೋದ ಬಲ್ಬ್ ಕಾರ್ಖಾನೆಯೊಂದರ ಗುಜರಿಯಲ್ಲಿ ನಿರ್ವಾತದ ಪಂಪು ಸಿಕ್ಕಿತು. ಗುಜರಿಯವನಿಗೆ ಅದು ಏನೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿದೆಯೆಂದು ನಾನು ತೋರಿಸಿಕೊಳ್ಳಲಿಲ್ಲ. ಪಕ್ಕದ ತುಕ್ಕು ಹಿಡಿದ ಕಪಾಟಿನ ಬೆಲೆ ಕೇಳಿ, ಅದಕ್ಕೇ ಬಹಳ ಹೊತ್ತು ಜಗ್ಗಾಡಿ, ಕೊನೆಗೆ ಪಂಪನ್ನು ಕೊಸರಿಗೆಂದು ಹಾಕಿಸಿಕೊಂಡು ಬಂದೆ. ಕುಲುಮೆಯನ್ನು ನಾನೇ ಮಾಡಿದೆ. ಪಿಂಗಾಣಿ ಕೊಳವೆಗೆ ನೈಕ್ರೋಮ್ ತಂತಿ ಸುತ್ತಿ, ಮೇಲೆ ಬೆಂಕಿಮಣ್ಣು ಮೆತ್ತಿದೆ. ಅಳೆಯುವ ಭಾಗಕ್ಕೆ ಎರಡು ತಾಮ್ರದ ತುಂಡು, ಅವುಗಳ ಮೇಲೆ ಇಸ್ತ್ರಿಪೆಟ್ಟಿಗೆಗೆ ಹಾಕುವ ಅಭ್ರಕದ ಹಾಳೆ. ಅದರ ಮೇಲೆ ಕೊಳವೆಗಳ ಕರಿಪುಡಿಯನ್ನು ಒತ್ತಿ ಮಾಡಿದ ತೆಳು ಚಾಪೆಯನ್ನು ಎರಡೂ ತುಂಡಿಗೆ ಸೇತುವೆಯಂತೆ ಇಟ್ಟು ತಿರುಪು ಬಿಗಿಯುವುದು. ಒಂದು ತುಂಡನ್ನು ಸ್ವಲ್ಪ ಬಿಸಿ ಮಾಡಿದರೆ ಚಾಪೆಯ ಎರಡು ತುದಿಯ ನಡುವೆ ಅತಿ ಸಣ್ಣ ವೋಲ್ಟೇಜು ಹುಟ್ಟುತ್ತದೆ. ನನ್ನ ಅಂಗಡಿಯಲ್ಲೇ ಇದ್ದ, ಬೆಳಕಿನ ಚುಕ್ಕೆ ಓಡಾಡುವ ಗ್ಯಾಲ್ವನೋಮೀಟರಿಗೆ ಅದನ್ನು ಜೋಡಿಸಿದೆವು. ಚುಕ್ಕೆ ಬಲಕ್ಕೆ ಹೋದರೆ ಚಾಪೆಯಲ್ಲಿ ಎಲೆಕ್ಟ್ರಾನುಗಳ ಕೊರತೆ, ಎಡಕ್ಕೆ ಹೋದರೆ ಹೆಚ್ಚಳ. ಬಲ, ಎಡ, ಇಷ್ಟೇ. ಇಷ್ಟು ಸರಳ ಅಳತೆಯೇ ನಮ್ಮನ್ನು ಕೊಂದದ್ದು.

ದ್ರವ ಸಾರಜನಕ ಇಲ್ಲದೆ ಮುಂದೆ ಹೋಗುವಂತಿರಲಿಲ್ಲ. ಪಂಪಿನ ಎಣ್ಣೆಯ ಆವಿ ಪುಡಿಯ ಕಡೆಗೆ ಬರದಂತೆ ದಾರಿಯಲ್ಲೇ ಹೆಪ್ಪುಗಟ್ಟಿಸಲು ಅದು ಬೇಕು. ಕೊಟ್ಟೂರಿನಂಥ ಊರಲ್ಲಿ ಅದೆಲ್ಲಿ ಸಿಗಬೇಕು ಎಂದು ತಂಗಿ ಕೈ ಚೆಲ್ಲಿದ್ದಳು. ಪಶು ಆಸ್ಪತ್ರೆಯಲ್ಲಿ ಹೋರಿಯ ಬೀಜದ ಕಡ್ಡಿಗಳನ್ನು ಅದರಲ್ಲೇ ಮುಳುಗಿಸಿಡುತ್ತಾರೆ ಎಂಬುದು ಮನೆಯಲ್ಲಿ ಆಕಳು ಕಟ್ಟಿದ ನನಗೆ ಗೊತ್ತಿತ್ತು. ಸಾರಜನಕದ ವ್ಯಾನು ಬಂದು ಡಾಕ್ಟರ ದೊಡ್ಡ ಕ್ಯಾನು ತುಂಬಿಸಿ ಹೋಗುತ್ತದೆ. ಆಮೇಲೆ ಅವರು ಹಳ್ಳಿಗೆ ಒಯ್ಯುವ ಚಿಕ್ಕ ಕ್ಯಾನಿನಲ್ಲಿ ಉಳಿದದ್ದು ಹೇಗೂ ಆವಿಯಾಗಿ ಹೋಗುವಂಥದ್ದು. ಅದನ್ನು ನನಗೆ ಕೊಡಿ, ಆಸ್ಪತ್ರೆಯ ಸೂಕ್ಷ್ಮದರ್ಶಕವನ್ನು ಪುಗಸಟ್ಟೆ ರಿಪೇರಿ ಮಾಡಿಕೊಡುತ್ತೇನೆ ಎಂದೆ.

ಪಶು ಡಾಕ್ಟರು ಹರಪನಹಳ್ಳಿ ಕಡೆಯವರು, ನಗೆ ಮನುಷ್ಯ. "ತಗಂಡು ಹೋಗ್ರಿ. ಆದ್ರೆ ನಮ್ಮ ಹೋರಿ ಏನಾದ್ರೂ ಕೆಟ್ಟರೆ, ಊರ ಆಕಳೆಲ್ಲ ನಿಮ್ಮ ಅಂಗಡಿ ಮುಂದೆ ಬಂದು ನಿಲ್ತವೆ ನೋಡ್ರಿ" ಎಂದರು.

ಹೀಗಾಗಿ ನಮ್ಮ ಪ್ರಯೋಗದ ದಿನವನ್ನು ವ್ಯಾನೇ ಗೊತ್ತು ಮಾಡುತ್ತಿತ್ತು. ಅಂದು ತಂಗಿ ಕಾಲೇಜಿಗೆ ರಜೆ ಹಾಕುತ್ತಿದ್ದಳು.

ಕೊಳವೆಯ ಪುಡಿ ಬಂದದ್ದು ಬೆಂಗಳೂರಿನ ಒಂದು ಸಂಸ್ಥೆಯಿಂದ. ಅದನ್ನು ತಯಾರಿಸಿದ ಹುಡುಗ ಅವಳ ಮಾರ್ಗದರ್ಶಕರ ಹಳೆಯ ವಿದ್ಯಾರ್ಥಿ. ಚಿಟಿಕೆಯಷ್ಟು ಪುಡಿ ಕೊಟ್ಟು ವಿದೇಶಕ್ಕೆ ಹೊರಟುಹೋದ. ಇನ್ನೊಮ್ಮೆ ಸಿಗುವ ಮಾಲಲ್ಲ ಅದು. ತುಂಬುವ ವಿಧಾನ ಇದು: ಕೊಳವೆಗಳ ತುದಿ ತೆರೆಯುವಂತೆ ಪುಡಿಯನ್ನು ಮೊದಲು ಗಾಳಿಯಲ್ಲಿ ಹದವಾಗಿ ಕಾಯಿಸಬೇಕು. ಆಮೇಲೆ ಚೆಂಡಿನ ಅಣುಗಳ ಪುಡಿಯ ಜೊತೆ ಕ್ವಾರ್ಟ್ಜ್ ನಳಿಗೆಯಲ್ಲಿ ಹಾಕಿ, ಗಾಳಿ ಹೀರಿ ತೆಗೆದು, ಪಂಪು ನಡೆಯುತ್ತಿರುವಾಗಲೇ ನಳಿಗೆಯ ಕತ್ತನ್ನು ಕರಗಿಸಿ ಮುಚ್ಚಬೇಕು. ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಆ ಕೆಲಸ ನಾನು ಮಾಡಿದೆ. ಮುಚ್ಚಿದ ನಳಿಗೆ ಕುಲುಮೆಯಲ್ಲಿ ನಾನೂರು ಡಿಗ್ರಿಗೂ ಮೇಲೆ ದಿನಗಟ್ಟಲೆ ಇರಬೇಕು. ಆ ಕಾವಿಗೆ ಚೆಂಡುಗಳು ಆವಿಯಾಗಿ ತಾವಾಗಿಯೇ ಕೊಳವೆಯೊಳಗೆ ಹೊಕ್ಕು ಕೂರುತ್ತವೆ.

ಮೊದಲ ನಳಿಗೆಯನ್ನು ಮನೆಯ ಹಿತ್ತಲಲ್ಲೇ ಕಾಯಿಸಿದೆವು. ಕರೆಂಟು ಹೋಗಿ ಬಂದು, ಹೋಗಿ ಬಂದು, ಕುಲುಮೆ ತಣ್ಣಗಾಗಿ ಮತ್ತೆ ಕಾದು, ನಳಿಗೆಯ ಕತ್ತಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತು. ಒಳಗೆ ಗಾಳಿ ಹೊಕ್ಕಿತು. ಇಂಗಾಲ ಅಲ್ಲವೇ, ಗಾಳಿ ಸಿಕ್ಕರೆ ಉರಿದುಹೋಗುತ್ತದೆ. ತೆಗೆದು ನೋಡಿದಾಗ ನಳಿಗೆಯಲ್ಲಿ ಕರೀ ಬಣ್ಣವೇ ಇರಲಿಲ್ಲ. ತಂಗಿ ಅದನ್ನು ಬೆಳಕಿಗೆ ಹಿಡಿದು ಈ ಕಡೆಯಿಂದ ಆ ಕಡೆ ನೋಡಿದಳು. "ಭಾಳ ಚಲೋ ತೊಳದೈತಿ" ಎಂದಳು. ನನಗೆ ನಗು ಬರಲಿಲ್ಲ. ಇದ್ದ ಪುಡಿಯಲ್ಲಿ ದೊಡ್ಡ ಪಾಲು ಅಲ್ಲಿ ಹೋಗಿತ್ತು.

ಎರಡನೆಯ ನಳಿಗೆಗೆ ಶೇಂಗಾ ಎಣ್ಣೆ ಗಿರಣಿಯ ಮಾಲೀಕರ ಹತ್ತಿರ ಹೋದೆ. ಅವರಲ್ಲಿ ಡೀಸೆಲ್ ಜನರೇಟರ್ ಇತ್ತು. ಸುಗ್ಗಿ ಮುಗಿಯುವವರೆಗೆ ಗಿರಣಿಯ ವೈರಿಂಗ್ ನೋಡಿಕೊಳ್ಳುತ್ತೇನೆ, ಒಂದು ಮೂಲೆ ಕೊಡಿ ಎಂದು ಕೇಳಿದೆ. ಅವರು ನಳಿಗೆಯನ್ನು ನೋಡಿ ನನ್ನ ಮುಖ ನೋಡಿದರು. "ಅಲ್ಲೋ ಮಾರಾಯ, ಕಾಡಿಗಿ ಮಾಡಾಕ ಇಷ್ಟು ಕರೆಂಟ್ ಬೇಕೇನು? ನಮ್ಮವ್ವ ದೀಪದ ಮ್ಯಾಲೆ ತಾಟು ಡಬ್ಬ ಹಾಕಿ ಮಾಡತಿದ್ಲು" ಎಂದರು. ತಂಗಿ ಗಂಭೀರವಾಗಿಯೇ, ಆ ಕಾಡಿಗೆಯಲ್ಲೂ ಈ ಚೆಂಡುಗಳು ಅಲ್ಪಸ್ವಲ್ಪ ಇದ್ದಾವು ಎಂದು ವಿವರಿಸಿದಳು. ಅಂದಿನಿಂದ ಅವರು ಅವಳನ್ನು ಕಾಡಿಗೆ ಮೇಡಂ ಎಂದೇ ಕರೆದರು, ಆದರೆ ಕುಲುಮೆ ಒಮ್ಮೆಯೂ ಆರಲು ಬಿಡಲಿಲ್ಲ.

ನಳಿಗೆ ಒಡೆದು, ಹೊರಗೆ ಅಂಟಿಕೊಂಡ ಚೆಂಡುಗಳನ್ನು ಟಾಲ್ವೀನ್ ಎಂಬ ದ್ರಾವಕದಲ್ಲಿ ತೊಳೆದಳು. ದ್ರಾವಣ ನೇರಳೆ ಬಣ್ಣ ಬಿಡುವುದು ನಿಂತ ಮೇಲೆ ಚಾಪೆ ಒತ್ತಿ, ತಾಮ್ರದ ತುಂಡುಗಳಿಗೆ ಬಿಗಿದು, ಗಾಳಿ ಹೀರಲು ಗಂಟೆಯಾಕಾರದ ಗಾಜಿನ ಮುಚ್ಚಳದೊಳಗೆ ಇಟ್ಟೆವು. ಟಾಲ್ವೀನಿನ ಪಸೆ ಪೂರ್ತಿ ಹೋಗಬೇಕೆಂದು ನಿರ್ವಾತದಲ್ಲೇ ಮತ್ತೊಮ್ಮೆ ಚೆನ್ನಾಗಿ ಕಾಯಿಸಿದಳು. ತುಂಬದ ಪುಡಿಯನ್ನು ಬಹಳ ಹಿಂದೆಯೇ ಅಳೆದಾಗಿತ್ತು. ಅದಕ್ಕೆ ಟಾಲ್ವೀನಿನ ಸಂಗವಿಲ್ಲವಾದ್ದರಿಂದ ಸುಮ್ಮನೆ ಗಾಳಿ ಹೀರಿ ಅಳೆದಿದ್ದಳು. ಆಗ ಚುಕ್ಕೆ ಬಲಕ್ಕೆ ಹೋಗಿತ್ತು. ಓದುಗರು ಈ ವ್ಯತ್ಯಾಸವನ್ನು ಗಮನಿಸಬೇಕು. ಒಂದನ್ನು ಕಾಯಿಸಿ ಅಳೆದೆವು, ಇನ್ನೊಂದನ್ನು ಕಾಯಿಸದೆ.

ತುಂಬಿದ ಚಾಪೆ ತಣ್ಣಗಾದ ಮೇಲೆ ಒಂದು ತುದಿಗೆ ಮೆಲ್ಲಗೆ ಬಿಸಿ ಕೊಟ್ಟಳು. ಚುಕ್ಕೆ ಸ್ವಲ್ಪ ಹೊತ್ತು ನಡುಗಿ, ಎಡಕ್ಕೆ ಹೊರಟಿತು. ನಿಲ್ಲದೆ ಹೋಯಿತು. ತಂತಿ ಅದಲುಬದಲಾಗಿರಬಹುದೆಂದು ಬಿಚ್ಚಿ ಮತ್ತೆ ಜೋಡಿಸಿದಳು. ಎಡಕ್ಕೇ. ಇನ್ನೊಂದು ತುದಿಗೆ ಬಿಸಿ ಕೊಟ್ಟು ನೋಡಿದಳು, ಲೆಕ್ಕದ ಪ್ರಕಾರವೇ ತಿರುಗಿತು. ನನ್ನ ಕೈ ಹಿಡಿದುಕೊಂಡಳು. ಮದುವೆಯ ವಯಸ್ಸು ದಾಟುತ್ತಿದ್ದ ತಂಗಿ ಚಿಕ್ಕವಳಿದ್ದಾಗ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಳು.

"ಅಣ್ಣ, ಕಾಳು ಸಿಪ್ಪಿಗೆ ಕೊಡಾಕತ್ತೈತಿ" ಎಂದಳು.

ಹಾಗೆ ಕೊಡುವುದು ಯಾರೂ ನಿರೀಕ್ಷಿಸಿದ್ದಲ್ಲವಂತೆ. ಮಾರ್ಗದರ್ಶಕರು ಎಸ್‌ಟಿಡಿ ಬೂತಿನ ಫೋನಿನಲ್ಲಿ ಮತ್ತೆ ಮತ್ತೆ ಹೇಳಿಸಿಕೊಂಡರು. ಪ್ರಬಂಧಕ್ಕೆ ಜೀವ ಬಂತು, ಇನ್ನೊಂದು ಸಲ ತುಂಬಿದಾಗಲೂ ಹೀಗೇ ಬರುತ್ತದೆಂದು ತೋರಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಚಿತ್ರ ತೆಗೆಸಿದರೆ ಮುಗಿಯಿತು ಎಂದರು. ನಾನು ಕಾಲೇಜಿನ ಕಾರ್ಯದರ್ಶಿಗೆ, ಎಣ್ಣೆ ಗಿರಣಿಯಲ್ಲಿ, ಪಶು ಆಸ್ಪತ್ರೆಯಲ್ಲಿ ಎಲ್ಲ ಕಡೆ ಸುದ್ದಿ ಹೇಳಿ ಬಂದೆ. ಪಶು ಡಾಕ್ಟರು ಪೇಢೆ ತರಿಸಿದರು.

ವಿಶ್ವವಿದ್ಯಾಲಯದಲ್ಲಿ ಅವಳು ಫಲಿತಾಂಶ ಮಂಡಿಸುವ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಚೆನ್ನಾಗಿ ಮಾತಾಡಿದಳು. ಕೊನೆಯಲ್ಲಿ ಒಬ್ಬ ತರುಣ ಎದ್ದು ನಿಂತು, ಬಹಳ ವಿನಯದಿಂದಲೇ, ಖಾಲಿ ಕೊಳವೆಗಳನ್ನೂ ನಿರ್ವಾತದಲ್ಲಿ ಅಷ್ಟೇ ಕಾಯಿಸಿ ಅಳೆದಿದ್ದೀರಾ ಎಂದು ಕೇಳಿದ. ಗಾಳಿಯ ಆಮ್ಲಜನಕ ಕೊಳವೆಗೆ ಅಂಟಿಕೊಂಡು ಎಲೆಕ್ಟ್ರಾನುಗಳ ಕೊರತೆ ತೋರಿಸುತ್ತದೆ, ಕಾಯಿಸಿದರೆ ಅದು ಬಿಟ್ಟುಹೋಗುತ್ತದೆ ಎಂದು ಈಚೆಗೆ ಕೆಲವರು ಕಂಡುಕೊಂಡಿದ್ದಾರೆ ಎಂದ. ತಂಗಿ, ಅಳೆದಿಲ್ಲ, ಅಳೆಯಬೇಕು ಎಂದಳು. ಮಾರ್ಗದರ್ಶಕರು ಸಮಯ ಆಯಿತೆಂದು ಚಹಾಕ್ಕೆ ಎಬ್ಬಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ, ಆ ಹುಡುಗ ಕೇಳಿದ್ದು ಸರಿ ಎಂದಳು. 

ಶೀಶೆಯಲ್ಲಿ ಉಳಿದ ಪುಡಿ ಒಂದೇ ಒಂದು ಚಾಪೆಗೆ ಆಗುವಷ್ಟಿತ್ತು. ಒತ್ತಿದ ಚಾಪೆ ತಿರುಪು ಬಿಚ್ಚುವಾಗ ಒಡೆದುಹೋಗುತ್ತದೆ, ಅದು ಮತ್ತೆ ಅಳೆಯಲೂ ಬರುವುದಿಲ್ಲ, ತುಂಬಲೂ ಬರುವುದಿಲ್ಲ. ಅದನ್ನು ತುಂಬಿ ಚಿತ್ರಕ್ಕೆ ಕಳಿಸಿದರೆ ಪ್ರಬಂಧ ಗಡುವಿನೊಳಗೆ ಮುಗಿಯುತ್ತದೆ. ಖಾಲಿಯಾಗಿಯೇ ಕಾಯಿಸಿ ಅಳೆದರೆ ಚಿತ್ರವಿಲ್ಲ, ಮತ್ತೆ ಅಳತೆ ಏನು ಹೇಳುತ್ತದೋ ಯಾರಿಗೂ ಗೊತ್ತಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ನಾನು ಮಾತು ತೆಗೆದೆ. ವ್ಯಾಪಾರದಲ್ಲಿ ಸೋತವನಲ್ಲ ನಾನು, ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದೆ. ಖಾಲಿಯದರ ಅಳತೆ ಈಗ ಬೇಡ ಎಂದು ಮಾರ್ಗದರ್ಶಕರೇ ಹೇಳುತ್ತಿದ್ದಾರೆ ಎಂದೆ. ಡಿಗ್ರಿ ಬಂದ ಮೇಲೆ ಎಲ್ಲಿಂದಾದರೂ ಪುಡಿ ತರಿಸುತ್ತೇನೆ, ಆಗ ಸಾವಿರ ಸಲ ಅಳೆ ಎಂದೆ.

ಅವಳು ಶೀಶೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ನನ್ನನ್ನೇ ನೋಡಿದಳು.

"ನೀ ಆಕಳ ಕೊಳ್ಳಾಕ ಹೋದ್ರ ಹಾಲು ಕರದು ನೋಡ್ತಿ ಇಲ್ಲೋ?"

"ಕೊಳ್ಳುವಾಗ ನೋಡ್ತೀನಿ ಯವ್ವಾ. ಮಾರುವಾಗ ಯಾವನು ನೋಡ್ತಾನ?"

ನಕ್ಕಳು. ಬಹಳ ದಿನದ ಮೇಲೆ ಬಾಯಿ ತುಂಬ ನಕ್ಕಳು. ನಾನು ಗೆದ್ದೆ ಎಂದುಕೊಂಡೆ.

"ನಾ ಮಾರಾಕತ್ತಿಲ್ಲಲ್ಲ ಅಣ್ಣ" ಎಂದಳು.

 ವ್ಯಾನು ಬರುವುದು ಯಾವಾಗ ಎಂದು ಕೇಳಲು ಪಶು ಆಸ್ಪತ್ರೆಗೆ ಹೊರಟೆ.

ಆ ಸಲ ವ್ಯಾನು ತಡವಾಗಿ ಬಂತು. ಚಿಕ್ಕ ಕ್ಯಾನಿನಲ್ಲಿ ತಳ ಮುಚ್ಚುವಷ್ಟೇ ಉಳಿದಿತ್ತು. ಡಾಕ್ಟರು ನಮ್ಮ ಮುಖ ನೋಡಿ ಏನೂ ತಮಾಷೆ ಮಾಡದೆ, ವ್ಯಾನಿನ ಡ್ರೈವರಿಗೆ ಹೇಳಿ ಹೊಸದರಲ್ಲೇ ಸ್ವಲ್ಪ ಹಾಕಿಸಿದರು. ತಂಗಿ ಖಾಲಿ ಕೊಳವೆಗಳ ಪುಡಿಯನ್ನೂ ಟಾಲ್ವೀನಿನಲ್ಲಿ ತೊಳೆದು ಚಾಪೆ ಒತ್ತಿದಳು. ತುಂಬಿದ್ದಕ್ಕೆ ಏನೇನು ಮಾಡಿದ್ದಳೋ ಅದೆಲ್ಲವನ್ನೂ ಅದೇ ಕ್ರಮದಲ್ಲಿ ಮಾಡಿದಳು, ಚೆಂಡು ಹಾಕುವುದೊಂದನ್ನು ಬಿಟ್ಟು. ನಾನು ಪಂಪಿನ ಹತ್ತಿರ ನಿಂತೆ. ಒಂದು ಸಣ್ಣ ಸೋರಿಕೆ ಇತ್ತು. ಕೂಡುಜಾಗಗಳಿಗೆ ಸ್ಪಿರಿಟ್ ಹಚ್ಚುತ್ತ, ಮಾಪಕದ ಮುಳ್ಳು ಎಲ್ಲಿ ಹಾರುತ್ತದೆಂದು ನೋಡಿ, ಆ ರಬ್ಬರ್ ಬಳೆ ಬದಲಿಸಿದೆ. ಆಗಲೂ ಮನಸ್ಸಿನಲ್ಲಿ, ಸೋರಿಕೆ ಇದ್ದರೇ ಒಳ್ಳೆಯದಿತ್ತೇನೋ, ಅಳತೆ ಮುಂದಕ್ಕೆ ಹೋಗುತ್ತಿತ್ತು ಎಂದುಕೊಂಡೆ.

ಕಾಯಿಸುವ ಮೊದಲು ಒಮ್ಮೆ ನೋಡಿದೆವು. ಚುಕ್ಕೆ ಬಲಕ್ಕೆ ಇತ್ತು. ಕಾಯಿಸಿ, ತಣಿಸಿ, ಒಂದು ತುದಿಗೆ ಬಿಸಿ ಕೊಟ್ಟಳು. ಚುಕ್ಕೆ ನಡುವಿನ ಗೆರೆಯ ಹತ್ತಿರ ನಿಂತಿತು.  ಆಮೇಲೆ ಅದು ಎಡಕ್ಕೆ ಸರಿಯಿತು. ತುಂಬಿದ್ದು ಎಷ್ಟು ದೂರ ಹೋಗಿತ್ತೋ ಹೆಚ್ಚುಕಡಿಮೆ ಅಲ್ಲಿಗೇ ಹೋಗಿ ನಿಂತಿತು.

 ಅವಳು ಗಾಜಿನ ಮುಚ್ಚಳದ ಕೆಳಗಿನ ಕವಾಟವನ್ನು ಚೂರೇ ಚೂರು ತೆರೆದು ಒಳಗೆ ಗಾಳಿ ಬಿಟ್ಟಳು. ಚುಕ್ಕೆ ಮೆಲ್ಲಗೆ, ಬಹಳ ಮೆಲ್ಲಗೆ, ಮತ್ತೆ ಬಲದ ಕಡೆಗೆ ತೆವಳತೊಡಗಿತು. ಅದು ಗೆರೆ ದಾಟುವವರೆಗೂ ಅವಳು ಗಲ್ಲಕ್ಕೆ ಕೈ ಕೊಟ್ಟು ನೋಡುತ್ತ ಕೂತಳು. ಬೀದಿಯಲ್ಲಿ ಬಾಳೆಹಣ್ಣಿನವನು ಕೂಗುತ್ತ ಹೋದ.

"ಗಾಳಿ ಅಣ್ಣ. ಬರೇ ಗಾಳಿ" ಎಂದಳು.

ಆಮೇಲೆ ಪಂಪು ಆರಿಸಿ ಕೈ ತೊಳೆಯಲು ಹೋದಳು.

ಬೂತಿಗೆ ಅವಳೇ ಹೋಗಿ ಮಾರ್ಗದರ್ಶಕರಿಗೆ ಫೋನು ಮಾಡಿದಳು. ಅವರು ಕೆಟ್ಟವರಲ್ಲ. ಸತ್ಯ ಹೇಳಿದ್ದಕ್ಕೆ ಹೊಗಳಿದರಂತೆ. ಕೊಳವೆ ತುಂಬಿಲ್ಲ ಎಂದಲ್ಲ, ತುಂಬಿರಲೂಬಹುದು, ಆದರೆ ನೀನು ಕಂಡ ಬದಲಾವಣೆ ಅದರದ್ದು ಎಂದು ಹೇಳಲು ಬರುವುದಿಲ್ಲ, ಇದರ ಮೇಲೆ ಪ್ರಬಂಧ ನಿಲ್ಲುವುದಿಲ್ಲ ಎಂದರಂತೆ. ಆಮ್ಲಜನಕದ ಮಾತನ್ನು ಬೇರೆಯವರು ಆಗಲೇ ಹೇಳಿಯಾಗಿತ್ತು. ಗಡುವು ಮುಗಿಯಿತು. ಹೊಸ ವಿಷಯಕ್ಕೆ ಹೊಸದಾಗಿ ಹೆಸರು ಹಚ್ಚು ಎಂದರು. ಹ್ಞೂಂ ಎಂದು ಹೇಳಿ ಬಂದಳು, ಹಚ್ಚಲಿಲ್ಲ. ಮುಂದಿನ ವರ್ಷ ಕಾಲೇಜಿನವರು ಆ ಜಾಗಕ್ಕೆ ಡಾಕ್ಟರೇಟ್ ಇದ್ದ ಬೇರೊಬ್ಬರನ್ನು ತಂದರು.

ಸಾಮಾನೆಲ್ಲ ಮಾರಿಬಿಡೋಣ ಎಂದವಳು ಅವಳೇ. ಇರಲಿ ಬಿಡು ಎಂದರೆ ಕೇಳಲಿಲ್ಲ. ಹೊಸಪೇಟೆಯಿಂದ ಫ್ರಿಜ್ ರಿಪೇರಿಯವನೊಬ್ಬ ಪಂಪು ನೋಡಲು ಬಂದ. ಚೌಕಾಸಿಗೆ ತಯಾರಾಗಿ ಬಂದವನು, ಮೊದಲು ನಾಚಿಕೆಯಾಗುವಷ್ಟು ಕಡಿಮೆ ಹೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ, "ಆತು, ತಗೊಂಡು ಹೋಗ್ರಿ" ಎಂದುಬಿಟ್ಟಳು. ಅವನಿಗೇ ಗಾಬರಿಯಾಯಿತು, ಪಂಪು ಕೆಟ್ಟಿದೆಯೋ ಏನೋ ಎಂದು ಮತ್ತೆ ಬಗ್ಗಿ ನೋಡಿದ. ಅವಳು ತಾನೇ ಹಗ್ಗ ತಂದು, ಟೆಂಪೋದಲ್ಲಿ ಅದು ಅಲ್ಲಾಡದಂತೆ ಕಟ್ಟಿಕೊಟ್ಟಳು. ಎಣ್ಣೆ ಯಾವುದು ಹಾಕಬೇಕು, ಎಷ್ಟು ಹಾಕಬೇಕು ಎಂದು ಹೇಳಿಕೊಟ್ಟಳು. ನನ್ನ ಜೀವಮಾನದಲ್ಲಿ ಎಷ್ಟೋ ಜನ ಸಾಮಾನು ಮಾರುವುದನ್ನು ನೋಡಿದ್ದೇನೆ. ಒಂದು ಮಾತೂ ಏರಿಸದೆ ಕೊಡುವವರು ಯಾವ ಸ್ಥಿತಿಯಲ್ಲಿರುತ್ತಾರೆಂದು ನನಗೆ ಗೊತ್ತು. ಟೆಂಪೋ ಹೋದ ಮೇಲೆ ನಾನು ಗೋದಾಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಈಗ ಅವಳು ಉಚ್ಚಂಗಿದುರ್ಗದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಲ್ಲಿಗೂ ಸಾಮಾನು ಕೊಡುವವನು ನಾನೇ. ಪ್ರತಿಯೊಂದು ಮೀಟರನ್ನೂ ಹಚ್ಚಿ ನೋಡಿಯೇ ಇಳಿಸಿಕೊಳ್ಳುತ್ತಾಳೆ, ಅಣ್ಣ ಎಂದು ರಿಯಾಯತಿ ಇಲ್ಲ. ಮಕ್ಕಳಿಗೆ ಅವಳನ್ನು ಕಂಡರೆ ಬಹಳ ಪ್ರೀತಿ. ಚೆನ್ನಾಗಿದ್ದಾಳೆ ಎಂದು ಯಾರು ಬೇಕಾದರೂ ಹೇಳಿಯಾರು. ಒಮ್ಮೆ ಮಾತ್ರ, ಶಾಲೆಯ ಜಗುಲಿಯ ಮೇಲೆ ಕೂತು ರಟ್ಟಿನ ಪೆಟ್ಟಿಗೆ ಬಿಚ್ಚುವಾಗ, ಡಿಗ್ರಿ ಹೋದದ್ದರ ಬೇಸರ ಇನ್ನೂ ಇದೆಯೇ ಎಂದು ಕೇಳಿಬಿಟ್ಟೆ.

"ಡಿಗ್ರಿ ಹೋದ್ರ ಹೋಗ್ಲಿ ಅಣ್ಣ. ಅವತ್ತು ಚುಕ್ಕಿ ಎಡಕ್ಕ ಹೋತಲ್ಲ, ಅದು ಒಳಗ ಏನು ಮಾಡಾಕತ್ತೈತಿ ಅಂತ ಜಗತ್ತಿನಾಗ ನನಗೊಬ್ಬಾಕಿಗೆ ಗೊತ್ತೈತಿ ಅಂತ ತಿಳಕೊಂಡಿದ್ದೆ. ಅಷ್ಟು ಸುಖ ನನಗ ಮತ್ತ ಯಾವತ್ತೂ ಆಗಿಲ್ಲ. ಅದು ಸುಳ್ಳು ಸುಖ ಅಂತ ಗೊತ್ತಾದ ಮ್ಯಾಲೂ ಅದರಷ್ಟು ದೊಡ್ಡದು ಇನ್ನೊಂದು ಬಂದಿಲ್ಲ" ಎಂದಳು. ಹೇಳಿ, ಮಸೂರಗಳನ್ನು ಒರೆಸುತ್ತ ಕೂತಳು.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ, ಅಥವಾ ಮನೆಯಲ್ಲಿ ಇಂಥವರನ್ನು ಇಟ್ಟುಕೊಂಡವರಿಗೆ, ನಾನು ಹೇಳುವುದು ಇಷ್ಟು. ಮಾಲು ಕೇಳುವಾಗ ಸಂಕೋಚಪಡಬೇಡಿ. ಬೇಕಾದ್ದಕ್ಕಿಂತ ಎರಡು ಪಟ್ಟು ಕೇಳಿ, ಕೊಡುವವನು ಊರು ಬಿಡುವ ಮೊದಲೇ ಕೇಳಿ. ಕರೆಂಟಿನ ವ್ಯವಸ್ಥೆ ಗಟ್ಟಿಯಾಗದೆ ಕುಲುಮೆ ಹಚ್ಚಬೇಡಿ. ಫಲಿತಾಂಶ ಬಂದ ದಿನ ಊರಿಗೆಲ್ಲ ಹೇಳಿ ಬರಬೇಡಿ. ಪೇಢೆ ತಿಂದವರಿಗೆ ಆಮೇಲೆ ನೀವು ಏನು ಹೇಳಬೇಕೆಂದು ಹೊಳೆಯುವುದಿಲ್ಲ, ಅವರಿಗೂ ಹೊಳೆಯುವುದಿಲ್ಲ. ತುಂಬಿದ್ದಕ್ಕೆ ಏನೇನು ಮಾಡುತ್ತೀರೋ ಅದೆಲ್ಲವನ್ನೂ ಖಾಲಿಯದಕ್ಕೂ ಮಾಡಿ, ಅದೂ ತುಂಬಿದ್ದನ್ನು ಅಳೆಯುವ ಮೊದಲು, ಮನಸ್ಸು ಇನ್ನೂ ಯಾವ ಕಡೆಗೂ ವಾಲದಿರುವಾಗ. ಅದಕ್ಕೆ ಬೇಕಾದಷ್ಟು ಪುಡಿಯನ್ನು ಮೊದಲ ದಿನವೇ ಬೇರೆ ಶೀಶೆಗೆ ಹಾಕಿ. ಆ ಶೀಶೆಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ, ನಿಮ್ಮನ್ನು ಬಹಳ ಪ್ರೀತಿಸುವವರ ಹತ್ತಿರವೂ ಇಡಬೇಡಿ. ನೀವು ಗೆದ್ದರೂ ಸೋತರೂ ಏನೂ ಅನ್ನಿಸದ ಯಾರಾದರೂ ಇದ್ದರೆ, ಹುಡುಕಿ, ಅವರ ಕೈಗೆ ಕೊಡಿ.